ಅಜ್ಜನ ಕಾಗದಗಳೂ ನಮ್ಮ ಮಾವನೂ

ಹೊಸಪೇಟೆಯ ಬಿಸಿಲಿನಲ್ಲಿ ಮನುಷ್ಯರನ್ನು ಬೇಯಲು ಬಿಟ್ಟು ಕಾಗದಗಳಿಗೆ ಫ್ಯಾನು ಹಾಕುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನಮ್ಮ ಸೋದರಮಾವ!

ಅವೇನು ಸಾಮಾನ್ಯ ಕಾಗದಗಳಲ್ಲ ಬಿಡಿ. ಮಾವನ ಅಪ್ಪ, ಅಂದರೆ ನನ್ನ ಅಜ್ಜ, ಊರಿನ ಪುರಸಭೆಯ ಮೊದಮೊದಲ ಅಧ್ಯಕ್ಷರಲ್ಲೊಬ್ಬರು. ಅವರಿಗೆ ಬಂದ ಅರ್ಜಿಗಳು, ಬರೆದ ಭಾಷಣಗಳು, ಚುನಾವಣೆಯ ಕರಪತ್ರಗಳು, ಕೊನೆಗೆ ಅಗಸರ ಚೀಟಿಗಳು ಕೂಡ ಒಂದು ಕೋಣೆಯ ತುಂಬ ತಗಡಿನ ಟ್ರಂಕುಗಳಲ್ಲಿದ್ದವು. ಮನೆಗೆ ಇನ್ವರ್ಟರ್ ಬಂದಾಗ ಮೊದಲ ವೈರು ಎಳೆಸಿದ್ದು ಆ ಕೋಣೆಗೆ. ಕರೆಂಟು ಹೋದರೆ ನಾವೆಲ್ಲ ಪೇಪರಿನಿಂದ ಬೀಸಿಕೊಳ್ಳುತ್ತ ಕೂರಬೇಕು, ಟ್ರಂಕುಗಳು ಒಳಗೆ ತಣ್ಣಗೆ ಗಾಳಿ ತಗೊಳ್ಳಬೇಕು!

"ನನಗ ಜ್ವರ ಬಂದ್ರ ಹಣಿ ಮುಟ್ಟಿ ನೋಡ್ಲಿಲ್ಲ. ಟ್ರಂಕ್ ಮಾತ್ರ ದಿನಾ ಮುಟ್ಟಿ ನೋಡ್ತಾರ," ಎನ್ನುತ್ತಿದ್ದರು ಅತ್ತೆ.

"ನಿನಗ ಡಾಕ್ಟರ್ ಅದಾನ. ಅವಕ್ಕ ನನ್ನ ಬಿಟ್ರ ಯಾರದಾರ?" ಎನ್ನುತ್ತಿದ್ದರು ಮಾವ.

ಹುಳ ಹತ್ತದಿರಲೆಂದು ಹಾಕುತ್ತಿದ್ದ ನುಸಿಗುಳಿಗೆಯ ವಾಸನೆ ಅವರ ಮೈಗೇ ಅಂಟಿಬಿಟ್ಟಿತ್ತು. ಕಂಪ್ಲಿಯಲ್ಲಿ ಒಂದು ಮದುವೆ ಊಟಕ್ಕೆ ಕೂತಾಗ ಅವರ ಎಡಬಲದ ಎಲೆಗಳೆರಡೂ ಖಾಲಿ. ಬಡಿಸುವವನು ಮೂಗು ಅರಳಿಸಿ, "ಅಂಗಿ ಈಗಷ್ಟ ಬೀರುದಾಗಿಂದ ತಗದ್ರೇನ್ರಿ?" ಎಂದ.

"ಅಂಗಿ ಅಲ್ಲಪಾ, ನಾನ ಬೀರುದಾಗಿಂದ ಬಂದೀನಿ," ಎಂದರು ಮಾವ, ಒಂಚೂರೂ ನಗದೆ.

ಒಮ್ಮೆ ಓಟು ಕೇಳಲು ಬಂದ ಅಭ್ಯರ್ಥಿಯೊಬ್ಬ, "ಗೆದ್ರ ಮೊದಲ ನಿಮ್ಮ ಓಣಿ ಗಟಾರ ಕಟ್ಟಿಸ್ತೀನ್ರಿ," ಎಂದ. ಮಾವ ಒಳಗೆ ಹೋಗಿ ಅಜ್ಜನ ಭಾಷಣವೊಂದನ್ನು ತಂದು ಗಟ್ಟಿಯಾಗಿ ಓದಿದರು. ಅದೇ ಓಣಿ, ಅದೇ ಗಟಾರ, ಅದೇ ಭರವಸೆ! ಅಭ್ಯರ್ಥಿ ನಾಚಿಕೊಂಡಾನು ಎಂದು ನಾವು ನೋಡುತ್ತಿದ್ದರೆ ಆತ, "ಭಾಳ ಮಸ್ತ್ ಐತ್ರಿ! ಒಂದು ಝೆರಾಕ್ಸ್ ಕೊಡ್ತೀರೇನು?" ಎನ್ನಬೇಕೆ! ಮಾವ ಕೊಟ್ಟರು. ಆತ ಅದನ್ನೇ ಓದಿ ಗೆದ್ದ. ಗಟಾರ ಈಗಲೂ ಹಾಗೇ ಇದೆ.

ಹೋದ ಮಳೆಗಾಲದಲ್ಲಿ ಒಂದು ಟ್ರಂಕಿನ ತಳ ತುಕ್ಕು ಹಿಡಿದು ಗೆದ್ದಲು ಹೊಕ್ಕಿತು. ತೆರೆದು ನೋಡಿದರೆ ಅರ್ಧ ಭಾಷಣಗಳು ಮಣ್ಣು. ಮಾವ ಆ ದಿನ ಊಟ ಮಾಡಲಿಲ್ಲ. ಮರುದಿನ ತಾವೇ ಫೋನು ಮಾಡಿ, ಕಮಲಾಪುರದ ಕಡೆ ಹಳೆಯ ದಾಖಲೆ ಕಾಪಾಡುವ ಕಚೇರಿಯೊಂದರಿಂದ ಅಧಿಕಾರಿಯನ್ನು ಕರೆಸಿದರು. ಬಂದವರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮಾವ ಆಕೆಯ ಓದು ಕೇಳಲಿಲ್ಲ, ಹುದ್ದೆ ಕೇಳಲಿಲ್ಲ; ಒಂದು ಕಡತ ಕೈಗಿತ್ತು ಕಣ್ಣು ಕಿರಿದು ಮಾಡಿ ಕೂತರು. ಆಕೆ ಕೈ ತೊಳೆದು, ಒರೆಸಿಕೊಂಡು, ಬೆರಳಿಗೆ ಎಂಜಲು ಹಚ್ಚದೆ ಹಾಳೆ ತಿರುವಿದರು.

"ಒಯ್ರಿ," ಎಂದರು ಮಾವ.

ಟ್ರಂಕುಗಳು ಗೂಡ್ಸ್ ಆಟೋ ಏರಿದವು. ಮಾವನೂ ಹಿಂದೆ ಹತ್ತಿ ಕೂತು ಕೊಡೆ ಬಿಚ್ಚಿದರು, ತಮ್ಮ ತಲೆಗಲ್ಲ, ಟ್ರಂಕುಗಳಿಗೆ! "ಮಗಳ ಲಗ್ನದಾಗ ಅಳ್ಲಿಲ್ಲ, ಈಗ ನೋಡ್ರಿ, ಹೆಂಗ ಅಳಾಕತ್ಯಾರ!" ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಹೇಳಿದರು. ಹೇಳಿ ತಾವೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಮಾವ ವಾರವಾರ ಬಸ್ಸು ಹಿಡಿದು ಆ ಕಚೇರಿಗೆ ಹೋಗತೊಡಗಿದರು. ಒಮ್ಮೆ ನಾನೂ ಜೊತೆಗೆ ಹೋದೆ. ಚೀಲ ಹೊರಗಿಡಬೇಕು, ಪೆನ್ನು ಒಯ್ಯುವಂತಿಲ್ಲ, ಚೀಟಿಯಲ್ಲಿ ಬರೆದುಕೊಟ್ಟ ಮೇಲೇ ಕಡತ ಕೊಡುವುದು. "ನಮ್ಮಪ್ಪನ ಕಾಗದ ನೋಡಾಕ ನಾನ ಅರ್ಜಿ ಹಾಕಬೇಕಲೇ!" ಎಂದು ಗೊಣಗುತ್ತಲೇ ಮಾವ ಎಲ್ಲವನ್ನೂ ಮಾಡಿದರು. ಆಮೇಲೆ ಒಂದೇ ಒಂದು ಹಾಳೆ ಮುಂದಿಟ್ಟುಕೊಂಡು ಅದನ್ನೇ ನೋಡುತ್ತ ಕೂತುಬಿಟ್ಟರು.

"ಮಾವ, ಇದೆಲ್ಲಾ ನಿಮಗ ಬಾಯಿಪಾಠ ಐತಲ್ಲ. ಮತ್ತ ಯಾಕ ಓದ್ತೀರಿ?" ಎಂದು ಕೇಳಿದೆ.

"ಓದಾಕ ಯಾರು ಬಂದಾರ?" ಎಂದರು ಅವರು, ಹಾಳೆಯಿಂದ ಕಣ್ಣೆತ್ತದೆ. "ಅಪ್ಪ ಇದ್ದಾಗ ಯಾವಾಗ ನೋಡಿದ್ರೂ ಸುತ್ತ ಜನ. ನಾ ಹೋದ್ರ, 'ಆಮ್ಯಾಲ ಬಾರಪಾ' ಅಂತಿದ್ದ. ಈಗ ನೋಡು, ಇಲ್ಲಿ ಯಾರೂ ಇಲ್ಲ."

ನಾನು ಸದ್ದಾಗದಂತೆ ಕುರ್ಚಿ ಸರಿಸಿ ಎದ್ದು, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ.