ಪಕ್ಕದ ಬಾಗಿಲ ಲಟ್ಟಣಿಗೆ

ಪಕ್ಕದ ಮನೆಯ ಬಾಗಿಲಲ್ಲಿ ಕೆಂಪು ರಿಬ್ಬನ್ ಕಟ್ಟಿದ ಲಟ್ಟಣಿಗೆಯೊಂದು ನೇತಾಡುತ್ತಿತ್ತು. ಜಗದೇವಪ್ಪನ ಹೊಟ್ಟೆಯುರಿಗೆ ಅದೇ ಕಾರಣ.

ಇಂಗ್ಲಿಷರ ನಾಡಿನ ಕೆಂಟನ್ನಿನ ಆ ರಸ್ತೆಯಲ್ಲಿ ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ಮನೆಮನೆಯವರು ಬಿಸ್ಕತ್ತು ಮಾಡಿ ತಂದು ಹಂಚಿಕೊಳ್ಳುವ ಪದ್ಧತಿ. ಎಲ್ಲಕ್ಕಿಂತ ಒಳ್ಳೆಯ ಬಿಸ್ಕತ್ತು ತಂದು ಗೆದ್ದವರ ಬಾಗಿಲಿಗೆ ವರ್ಷವಿಡೀ ಲಟ್ಟಣಿಗೆ. ಮೂರು ವರ್ಷದಿಂದ ಅದು ಕುಂದಾಪುರದ ರಘುರಾಮನ ಬಾಗಿಲು ಬಿಟ್ಟು ಕದಲಿರಲಿಲ್ಲ. ಗ್ರೀನ್‌ಫರ್ಡಿನ ಗೋದಾಮಿಗೆ ಕೆಲಸಕ್ಕೆ ಹೋಗುವಾಗಲೂ ಬರುವಾಗಲೂ ಜಗದೇವಪ್ಪ ಅದನ್ನು ನೋಡಲೇಬೇಕು. ಗಾಳಿ ಬೀಸಿದರೆ ಟಕ್ ಟಕ್ ಎಂದು ಬಾಗಿಲಿಗೆ ಬಡಿಯುತ್ತಿತ್ತು. ಮಲಗಿದರೂ ಕೇಳುತ್ತಿತ್ತು.

ಅದನ್ನಾದರೂ ಸಹಿಸಬಹುದು. ಹೆಂಡತಿ ಶಿವಕ್ಕನ ಮಾತು ಸಹಿಸುವುದು ಕಷ್ಟ.

"ರಘುರಾಮ ಅವರ ಬಿಸ್ಕೀಟ ನೋಡಬೇಕ್ರೀ. ಅಂಗಡ್ಯಾಗ ತಂದಂಗ, ಎಲ್ಲಾ ಒಂದ ಅಳತಿ. ಹಗಲೆಲ್ಲಾ ಹೋಟೆಲ್ ಮ್ಯಾನೇಜರ್ಕಿ, ಮನಿಗಿ ಬಂದ್ರ ಅಡಗಿ. ನಿಮಗ ಚಾ ಕುಡದ ಕಪ್ಪ ತೊಳ್ಯಾಕ ಬರೂದಿಲ್ಲ."

ಪ್ರತಿ ವರ್ಷ ಬಿಸ್ಕತ್ತು ಮಾಡುತ್ತಿದ್ದವಳು ಶಿವಕ್ಕ; ಜಗದೇವಪ್ಪ ಆ ಕೂಟಕ್ಕೆ ಕಾಲಿಟ್ಟವನಲ್ಲ. ಈ ಸಲ ಅವಳಿಗೆ ಕೇರ್ ಹೋಮಿನಲ್ಲಿ ಅದೇ ಭಾನುವಾರ ಡ್ಯೂಟಿ ಬಿತ್ತು.

"ನೀವ ಮಾಡ್ರಿ," ಎಂದಳು, ಬೂಟು ಏರಿಸುತ್ತ. "ರಘುರಾಮ ಅವರ ಹೆಂಡ್ತಿ ಸ್ವರ್ಣಲತಾ ತವರಿಗೆ ಹೋಗ್ಯಾರ, ಆದ್ರೂ ಅವರು ಒಬ್ಬರ ಮಾಡ್ತಾರಂತ. ಅವರಿಗೂ ಎರಡ ಕೈ, ನಿಮಗೂ ಎರಡ ಕೈ."

"ಅವಂಗಿಂತ ಛಲೋ ಮಾಡ್ತೀನಿ, ನೋಡಕೋತಿರು."

"ಆ ಲಟ್ಟಣಿಗಿ ನಮ್ಮ ಬಾಗಲಕ್ಕ ಬಂದ ದಿನಾನ ನಾ ಅವರ ಹೆಸರ ಎತ್ತೂದ ಬಿಡ್ತೀನಿ. ಮತ್ತ, ಸ್ವರ್ಣಲತಾ ದೀಪಾವಳಿಗೆ ಉಂಡಿ ಕೊಟ್ಟ ಡಬ್ಬಿ ಹಂಗ ಕುಂತೈತಿ. ಇವತ್ತ ಮುಟ್ಟಿಸ್ರಿ. ಖಾಲಿ ಕೊಡಬ್ಯಾಡ್ರಿ, ಮಾಡಿದ್ರಾಗ ಛಲೋವು ನೋಡಿ ಹಾಕ್ರಿ. ಇನ್ನೊಂದ ಮಾತು, ಆ ಮೌರೀನ್ ಅಜ್ಜಿ ಬಿಸ್ಕೀಟ ತಿನ್ನೂ ಮುಂದ..."

"ನನಗ ಕಲಿಸಬ್ಯಾಡ. ಬಸ್ಸ ತಪ್ಪತೈತಿ, ಹೋಗ."

ಮೈದಾ ಎಲ್ಲಿದೆಯೆಂದು ಅವನಿಗೆ ತಿಳಿಯದು. ಕೈಗೆ ಸಿಕ್ಕಿದ್ದು ಜೋಳದ ಹಿಟ್ಟು. ವಿಜಯಪುರದವನಿಗೆ ಹಿಟ್ಟು ಕಂಡರೆ ಮುಂದಿನದು ತಾನಾಗಿ ಬರುತ್ತದೆ. ತಾಯಿ ರೊಟ್ಟಿಗೆ ನಾದುತ್ತಿದ್ದಂತೆ ಕುದಿಯುವ ನೀರು ಸುರಿದು, ಬೆಲ್ಲ ಬೆರೆಸಿ ನಾದಿದ. ಪುಟ್ಟಪುಟ್ಟದಾಗಿ ತಟ್ಟಿ, ಚಂದ ಕಾಣಲೆಂದು ಪ್ರತಿಯೊಂದರ ಮೇಲೂ ಮೂರು ಬೆರಳು ಒತ್ತಿದ. ಓವನ್ನಿನಲ್ಲಿಟ್ಟು ಕ್ರಿಕೆಟ್ ನೋಡುತ್ತ ಕೂತವನನ್ನು ಹೊಗೆಯ ಅಲಾರಾಂ ಎಬ್ಬಿಸಿತು. ಟ್ರೇಯಿಂದ ಜಾರಿ ಬಿದ್ದ ಬಿಸ್ಕತ್ತು ಮುರಿಯಲಿಲ್ಲ. ನೆಲದ ಟೈಲ್ಸಿನ ಮೂಲೆ ಹಾರಿತು.

ಅಲಾರಾಂ ಕೇಳಿ ಎದುರು ಮನೆಯ ಬೆಂಗಳೂರಿನ ಗೋಪೀನಾಥ ಓಡಿ ಬಂದ. ಊರ ಉಸಾಬರಿಯೆಲ್ಲ ಅವನದೇ. ಒಂದನ್ನು ಕಚ್ಚಿ ದವಡೆ ಹಿಡಿದುಕೊಂಡ.

"ಸಾರ್, ಇದನ್ನ ಕೌನ್ಸಿಲ್‌ನೋರಿಗೆ ಕೊಡಿ. ರಸ್ತೆ ಗುಂಡಿ ಮುಚ್ಚೋಕಾಗುತ್ತೆ."

"ಹಂಗಾದ್ರ ಏನ್ ಮಾಡ್ಲಿ?"

"ಮೈದಾ ತಗೊಳ್ಳಿ. ಬೆಣ್ಣೆ ಹಾಕ್ತಾ ಹೋಗಿ, ನಿಮಗೇ ಭಯ ಆಗೋವರೆಗೂ."

ಎರಡನೆಯ ಸಲದ್ದು ತುಟಿಗೆ ತಾಗಿದರೆ ಪುಡಿಯಾಗುವಷ್ಟು ಮೆತ್ತಗೆ ಬಂತು. ಜಗದೇವಪ್ಪನ ಕಣ್ಣಿಗೆ ಆಗಲೇ ತನ್ನ ಬಾಗಿಲಲ್ಲಿ ಲಟ್ಟಣಿಗೆ ಕಂಡಿತು. ಉಳಿದದ್ದು ಡಬ್ಬಿ. ಇಂಥ ಬಿಸ್ಕತ್ತನ್ನು ಆ ರಘುರಾಮನಿಗೇಕೆ ಕೊಡಬೇಕು? 'ಸ್ವರ್ಣಲತಾ' ಎಂದು ಕೊರೆದಿದ್ದ ಆ ಸ್ಟೀಲ್ ಡಬ್ಬಿಗೆ ಮೊದಲ ಸಲದ ಜೋಳದ ಕಲ್ಲುಗಳನ್ನೇ ತುಂಬಿ ಮುಚ್ಚಳ ಒತ್ತಿದ. ಖಾಲಿ ಕೊಡಬಾರದು ಅಷ್ಟೇ ತಾನೆ, ಖಾಲಿಯಂತೂ ಅಲ್ಲ.

ರಘುರಾಮ ಫೋನಿನಲ್ಲಿ ಮಾತಾಡುತ್ತಲೇ ಬಾಗಿಲು ತೆರೆದ. ಮುಖ ಹುಳಿ ಬಾರದ ಇಡ್ಲಿಯಂತಿತ್ತು. "ಈಗ ಕೈ ಎತ್ತಿದ್ರೆ ನಾನು ಎಂತ ಮಾಡುದು ಮಾರಾಯ್ರೆ? ಸಂಜೆಗೆ ಬೇಕಿತ್ತಲ್ಲ?" ಹೋಟೆಲಿನ ತಾಪತ್ರಯ ಇರಬೇಕೆಂದು ಜಗದೇವಪ್ಪ ಒಳಗೊಳಗೇ ಖುಷಿಪಟ್ಟ.

"ಎಂತ ಜಗದೇವಣ್ಣ?"

"ನಿಮ್ಮ ಡಬ್ಬಿ. ನಾನ ಮಾಡಿದ ಬಿಸ್ಕೀಟ ಹಾಕೀನಿ."

"ಬಿಸ್ಕೀಟಾ? ಡಬ್ಬಿ ತುಂಬ ಉಂಟಾ?" ರಘುರಾಮ ಡಬ್ಬಿಯನ್ನು ಎದೆಗೆ ಒತ್ತಿಕೊಂಡ. "ದೇವರು ಬಂದ ಹಾಗೆ ಬಂದ್ರಿ ನೀವು."

ಜಗದೇವಪ್ಪನಿಗೆ ಸ್ವಲ್ಪ ನಾಚಿಕೆಯಾಯಿತು. ತಲೆಯ ಮೇಲೆ ಲಟ್ಟಣಿಗೆ ಟಕ್ ಎಂದದ್ದೇ ಅದೂ ಹೋಯಿತು.

ಸಂಜೆ ಮೌರೀನ್ ಅಜ್ಜಿಯ ಮನೆಯಲ್ಲಿ ಎಲ್ಲರೂ ಸೇರಿದರು. ರಸ್ತೆಯಲ್ಲಿ ಎಲ್ಲರಿಗಿಂತ ಹಳಬಳು, ತೀರ್ಪು ಅವಳದೇ. ಶಿವಕ್ಕ ಡ್ಯೂಟಿಯಿಂದ ನೇರ ಬಂದಿದ್ದಳು. ರಘುರಾಮ ತನ್ನ ಗಾಜಿನ ತಟ್ಟೆಯನ್ನು ಮೇಜಿನ ಮೇಲಿಟ್ಟ. ಬಿಸ್ಕತ್ತಿನ ಮೇಲೆ ಸಕ್ಕರೆ ಪುಡಿ, ಅದರಡಿಯಲ್ಲಿ ಮೂರು ಬೆರಳಿನ ಗುರುತು.

ಜಗದೇವಪ್ಪ ಬಗ್ಗಿ ನೋಡಿದ. ತನ್ನವೇ ಕಲ್ಲುಗಳು. ನಗು ತಡೆಯಲು ಕೆಮ್ಮಿದ. ಇವತ್ತು ಇವನ ಮಾನ ಹೋಯಿತು, ಲಟ್ಟಣಿಗೆ ನಮ್ಮದು.

ಅಜ್ಜಿ ಮೊದಲು ಜಗದೇವಪ್ಪನ ಬಿಸ್ಕತ್ತನ್ನು ಎತ್ತಿಕೊಂಡಳು. ಬಾಯಿಗಿಡಲಿಲ್ಲ. ಬಿಸಿ ಚಹಾದಲ್ಲಿ ಅದ್ದಿದಳು. ಬೆರಳಲ್ಲಿ ಚೂರು ಉಳಿಯಿತು, ಮಿಕ್ಕದ್ದು ಮುಳುಗಿತು. ಚಮಚೆಯಿಂದ ಕೆಸರು ಗೋರುತ್ತ, ಚಹಾದಲ್ಲಿ ನಿಲ್ಲದ್ದು ಬಿಸ್ಕತ್ತೇ ಅಲ್ಲ ಎಂದಳು.

"ಮುಂಜಾನೆ ಅದನ್ನ ಹೇಳಾಕತ್ತಿದ್ದೆ," ಎಂದಳು ಶಿವಕ್ಕ, ಮೆಲ್ಲಗೆ.

ಹೊಸ ಕಪ್ಪು ಬಂತು. ರಘುರಾಮನ ತಟ್ಟೆಯಿಂದ ಒಂದು ಕಲ್ಲು ಅದಕ್ಕಿಳಿಯಿತು. ಅಜ್ಜಿ ಅದ್ದಿ ಹಿಡಿದಳು, ಹಿಡಿದೇ ಇದ್ದಳು. ಹೊರಗೆ ಬಂದಾಗ ಅದು ಕವಾಯತಿನ ಪೊಲೀಸನಂತೆ ನೆಟ್ಟಗಿತ್ತು. ಕಚ್ಚಿದಳು. ಕಣ್ಣು ಮುಚ್ಚಿದಳು. ಈಚೆಗೆ ಈ ದೇಶದ ಪ್ರಧಾನಿಗಳೂ ಇಷ್ಟು ಹೊತ್ತು ನಿಂತದ್ದಿಲ್ಲ ಎಂದು ಮತ್ತೊಂದನ್ನು ಅದ್ದಿದಳು.

ಎಲ್ಲರೂ ಅದ್ದತೊಡಗಿದರು. ಗೋಪೀನಾಥ ಚಪ್ಪರಿಸಿದ. "ಇದಪ್ಪ ಬಿಸ್ಕತ್ತು ಅಂದ್ರೆ. ಬೆಳಿಗ್ಗೆ ನೀವು ಏನೋ ಸುಟ್ಟಿದ್ರಲ್ಲ ಸಾರ್, ಒಂದು ತಿಂದು ನೋಡಿ, ವ್ಯತ್ಯಾಸ ಗೊತ್ತಾಗುತ್ತೆ."

ಜಗದೇವಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ. "ಅದು..."

"ಅಂದಂಗ ಡಬ್ಬಿ ಮುಟ್ಟಿಸಿದ್ರಿ?" ಶಿವಕ್ಕ ಅವನ ತೋಳು ಹಿಡಿದಳು. "ಛಲೋವನ್ನ ಹಾಕಿದ್ರಿ ಹೌದಿಲ್ಲೋ? ಮತ್ತ ನನ್ನ ಮಾನ ಕಳೀಬ್ಯಾಡ್ರಿ."

"ಛಲೋವನ್ನ ಹಾಕೀನಿ," ಎಂದು ಜಗದೇವಪ್ಪ ಕೂತ.

ಲಟ್ಟಣಿಗೆಗೆ ಹೊಸ ರಿಬ್ಬನ್ ಬಂತು, ಬಾಗಿಲು ಹಳೆಯದೇ. ಶಿವಕ್ಕ ಕೈಮುಗಿದಳು. "ರಘುರಾಮ ಅವರ, ನಮ್ಮವರಿಗೊಂದೀಟ ಕಲಿಸ್ರಿ. ಶನಿವಾರ ನಮ್ಮನಿಗಿ ಬರ್ರಿ."

ಮನೆಗೆ ಬರುವ ದಾರಿಯಲ್ಲಿ ರಘುರಾಮ ಜಗದೇವಪ್ಪನನ್ನು ಹಿಂದಕ್ಕೆಳೆದ.

"ಜಗದೇವಣ್ಣ, ಒಂದು ಉಪಕಾರ. ಶುಕ್ರವಾರ ಬಂದು ನನಗೊಮ್ಮೆ ಹೇಳಿಕೊಡಿ. ನಾನು ಒಲೆ ಹಚ್ಚಿದವನೇ ಅಲ್ಲ. ಮೂರು ವರ್ಷವೂ ನಮ್ಮ ಹೋಟೆಲಿನ ಭಟ್ರು ಮಾಡಿ ಕೊಟ್ಟದ್ದು. ಅವರು ಕೆಲಸ ಬಿಟ್ಟು ಹೋದ್ರು."

"ನಾ ಯಾಕ ಹೇಳಿಕೊಡ್ಲಿ?"

"ಡಬ್ಬಿಗೆ ಎಂಥದ್ದು ಹಾಕಿ ಕೊಟ್ರಿ ಅಂತ ನನ್ನ ಹಲ್ಲಿಗೆ ಗೊತ್ತುಂಟು." ರಘುರಾಮ ದವಡೆ ಸವರಿಕೊಂಡ. "ಶಿವಕ್ಕನಿಗೆ ಗೊತ್ತಿಲ್ಲ."

ಶನಿವಾರ ಜಗದೇವಪ್ಪನ ಅಡುಗೆಮನೆಯಲ್ಲಿ ರಘುರಾಮ ಜೋಳದ ಹಿಟ್ಟಿಗೆ ಕುದಿಯುವ ನೀರು ಸುರಿದ, ಬೆಲ್ಲ ಬೆರೆಸಿ ನಾದಿದ, ತಟ್ಟಿದ, ಮೂರು ಬೆರಳು ಒತ್ತಿದ. ಜಗದೇವಪ್ಪ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದ.

"ನೋಡ್ರಿ ಹೆಂಗ ತಟ್ತಾರ," ಎಂದಳು ಶಿವಕ್ಕ. "ನಮ್ಮ ಅತ್ತಿ ಕೈ ನೆನಪಾಗತೈತಿ. ನೀವು ಅವರ ಹೊಟ್ಯಾಗ ಹುಟ್ಟಿ ಏನ್ ಕಲ್ತ್ರಿ?"