ಪಕ್ಕದ ಮನೆಯ ವೈಫೈ

ಕಳ್ಳತನವೆಂದರೆ ಕೈಯಲ್ಲಿ ಹಿಡಿಯಬಹುದಾದ ವಸ್ತುಗಳಿಗೆ ಮಾತ್ರ ಸಂಬಂಧಿಸಿದ್ದು ಎಂದು ನಾನು ಬಹಳ ಕಾಲ ನಂಬಿದ್ದೆ. ಪೀಣ್ಯದ ವಾಲ್ವ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸ್ಟೋರ್ಸ್ ನೋಡಿಕೊಳ್ಳುವವನಿಗೆ ಇಂಥ ನಂಬಿಕೆ ಸಹಜ. ನನ್ನ ಕಣ್ಣು ತಪ್ಪಿಸಿ ಒಂದು ನಟ್ಟೂ ಗೇಟು ದಾಟುವುದಿಲ್ಲ. ಕೈ ಒರೆಸುವ ಬಟ್ಟೆಯ ಚೂರನ್ನು ಜೇಬಿನಲ್ಲಿಟ್ಟುಕೊಂಡು ಹೊರಟಿದ್ದ ಫಿಟ್ಟರ್ ಒಬ್ಬನನ್ನು ನಿಲ್ಲಿಸಿ, "ಇವತ್ತು ಬಟ್ಟೆ, ನಾಳೆ ಬೇರಿಂಗು" ಎಂದು ಹತ್ತು ಜನರೆದುರು ಉಪದೇಶ ಮಾಡಿದವನು ನಾನು. ಅದೇ ಸಂಜೆ ಮಾಕಳಿಯ ಬಾಡಿಗೆ ಮನೆಗೆ ಬಂದು, ಷೂ ಬಿಚ್ಚುವ ಮೊದಲೇ ಪಕ್ಕದ ಮನೆಯ ವೈಫೈಗೆ ಫೋನು ಸೇರಿಸಿಕೊಂಡು ಕುಳಿತೆ. ಅದಕ್ಕೆ ಪಾಸ್‌ವರ್ಡ್ ಇರಲಿಲ್ಲ. ಪಕ್ಕದ ಮನೆಯ ಒಗ್ಗರಣೆಯ ಘಮದ ಹಾಗೆ ಗೋಡೆ ದಾಟಿ ತಾನಾಗಿ ಬರುತ್ತದೆ, ಮೂಗು ಮುಚ್ಚಿಕೊಳ್ಳಲಾಗುತ್ತದೆಯೇ ಎಂದು ಹೆಂಡತಿ ಸುಧಾಳ ಮುಂದೆ ವಾದಿಸಿದೆ. "ಘಮ ಮೂಸಿದ್ರೆ ಅವ್ರ ಸಾರು ಕಮ್ಮಿ ಆಗಲ್ಲ. ಇದು ಹಾಗಲ್ಲ ಕಣ್ರೀ" ಎಂದಳು. ಹಾಗೆಂದವಳೇ ಮರುವಾರ ಟಿ.ವಿ.ಯನ್ನೂ ಅದಕ್ಕೇ ಸೇರಿಸಿದಳು.

ಮನಸ್ಸು ಪೂರ್ತಿ ಸುಮ್ಮನಿತ್ತು ಎನ್ನಲಾರೆ. ಸುಧಾಳ ತಮ್ಮ ರಾಘು ಆನೇಕಲ್ಲಿನಲ್ಲಿ ವಕೀಲ. ಹಬ್ಬಕ್ಕೆ ಬಂದಿದ್ದಾಗ, "ನಮ್ಮ ಫ್ಯಾಕ್ಟರಿಯಲ್ಲಿ ಒಬ್ಬನಿದ್ದಾನೆ" ಎಂದು ಶುರು ಮಾಡಿ ನನ್ನ ಕಥೆಯನ್ನೇ ಹೇಳಿದೆ. "ಬಾಗಿಲು ತೆಗೆದಿದೆ ಅಂತ ಒಳಗೆ ನುಗ್ಗಿ ಊಟ ಮಾಡ್ಕೊಂಡು ಬರಕ್ಕಾಗತ್ತಾ ಭಾವ? ಯಜಮಾನನ ಒಪ್ಪಿಗೆ ಇಲ್ದೆ ಬಳಸೋದು ಕಾನೂನಿಗೂ ತಪ್ಪೇ" ಎಂದ. ಆಮೇಲೆ, "ಅವನಿಗೆ ಹೇಳಿ, ಹೋಗಿ ಕೇಳಿಬಿಡ್ಲಿ. ಒಂದು ಮಾತು ಅಷ್ಟೆ" ಎಂದೂ ಸೇರಿಸಿದ. ನಾನು ಅವನಿಗೆ ಹೇಳುತ್ತೇನೆಂದು ಮಾತು ಕೊಟ್ಟೆ. ಹೇಳಲಿಲ್ಲ.

ಆ ವೈಫೈನ ಯಜಮಾನ ಬಸಪ್ಪ. ವಿಜಯಪುರದ ಕಡೆಯವನು, ಹತ್ತಿರದ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ವೆಲ್ಡರ್. ಹೆಂಡತಿ ತೀರಿಕೊಂಡ ಮೇಲೆ ಹನ್ನೆರಡು ವರ್ಷದ ಮಗಳು ಪಾರ್ವತಿಯನ್ನು ಊರಲ್ಲಿ ತನ್ನ ತಾಯಿಯ ಹತ್ತಿರ ಬಿಟ್ಟು ಬಂದಿದ್ದ. ಪಾರ್ವತಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತು ಬಾರದು. ಬಸಪ್ಪನಿಗೆ ಓದು ಬಾರದು. ಅಪ್ಪ ಮಗಳ ನಡುವೆ ಇದ್ದದ್ದು ಕೈಸನ್ನೆ ಮಾತ್ರ. ಅದಕ್ಕೆ ವೀಡಿಯೊ ಬೇಕು. ನಮ್ಮ ಗಲ್ಲಿಯಲ್ಲಿ ಮೊಬೈಲ್ ಸಿಗ್ನಲ್ಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಅವನು ಸಣ್ಣದೊಂದು ಪ್ಲಾನಿನ ವೈಫೈ ಹಾಕಿಸಿದ್ದ.

ಒಂದು ದಿನ ನನ್ನ ಬಾಗಿಲಿಗೇ ಬಂದ. "ಸರ, ನೀವು ಕಲತವ್ರು. ಸ್ವಲ್ಪ ನೋಡ್ರಿ. ಪಾರಿ ಕೈ ನಡುವ ನಿಂತುಬಿಡ್ತಾವ್ರಿ. ಮುಂದ ಏನ್ ಹೇಳ್ತಾಳೋ ತಿಳಿಯಂಗಿಲ್ಲ."

ನಾನು ಗಂಭೀರವಾಗಿ ಆ ಪೆಟ್ಟಿಗೆಯನ್ನು ತಿರುಗಿಸಿ ನೋಡಿದೆ. ಅದರ ವಿಷಯದಲ್ಲಿ ನನಗೆ ತಿಳಿದಿದ್ದು, ಅದಕ್ಕೆ ದೀಪಗಳಿವೆ ಎನ್ನುವುದಷ್ಟೆ. "ಕಿಟಕಿ ಹತ್ರ ಇಡಿ ಬಸಪ್ಪ, ಗಾಳಿ ಆಡಬೇಕು" ಎಂದೆ. ಆ ಕಿಟಕಿಯಿದ್ದದ್ದು ನನ್ನ ಮನೆಯ ಕಡೆಗೆ. ಅಂದಿನಿಂದ ನನಗೆ ಸಿಗ್ನಲ್ಲು ಅದ್ಭುತವಾಯಿತು. ಅವನು ಕೃತಜ್ಞತೆಗೆ ಶೇಂಗಾ ಹೋಳಿಗೆ ತಂದುಕೊಟ್ಟ. ತಿಂದೆ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ ನಾನು ಫೋನಿನಲ್ಲಿ ಹಳೆಯ ಕ್ರಿಕೆಟ್ ಪಂದ್ಯವೊಂದನ್ನು ನೋಡುತ್ತಿದ್ದೆ. ಒಳಗೆ ಸುಧಾಳ ಟಿ.ವಿ. ಓಡುತ್ತಿತ್ತು. ಬಸಪ್ಪ ಫೋನು ಹಿಡಿದು ಬಂದ. ಪರದೆಯ ಮೇಲೆ ಪಾರ್ವತಿ ಎದೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು, ಚಿತ್ರ ಅಲ್ಲಾಡುತ್ತಿರಲಿಲ್ಲ. "ನೋಡ್ರಿ ಸರ, ಮತ್ತ ನಿಂತೈತಿ. ಅಪ್ಪ ಅಂದ್ರ ಜೀವ ಅಂತ ಹೇಳಾಕತ್ತಾಳ ಅನಸ್ತೈತಿ" ಎಂದು ನಕ್ಕ. ನಾನೂ ಬಗ್ಗಿ ನೋಡಿ, "ಮತ್ತೇನು, ಅದೇ ಇರ್ಬೇಕು" ಎಂದೆ. ಮಗುವಿನ ಕಣ್ಣು ಅಗಲವಾಗಿದ್ದದ್ದು ನನಗೆ ಕಂಡಿತ್ತು. ಅವನು ಹೋದ ಮೇಲೆ ಪಂದ್ಯವನ್ನು ನಿಲ್ಲಿಸಿದ್ದಲ್ಲಿಂದ ಮುಂದುವರಿಸಿದೆ.

ಮಧ್ಯಾಹ್ನ ಊರಿನಿಂದ ಅವನಿಗೆ ಫೋನು ಬಂತು. ಅವನ ತಾಯಿ ಎದೆನೋವು ಬಂದು ಬಿದ್ದಿದ್ದರು. ಅಕ್ಕಪಕ್ಕದವರೆಲ್ಲ ಹೊಲಕ್ಕೆ ಹೋಗಿದ್ದರು. ಕೂಗಲಾರದ ಹುಡುಗಿ ಅಪ್ಪನಿಗೆ ಅದನ್ನೇ ತೋರಿಸಿದ್ದಳು. ಕಾದು ಕಾದು ಕೊನೆಗೆ ಹೊಲದವರೆಗೆ ಓಡಿದ್ದಳು. ಜನ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಊರಿಗೆ ಹೋದ ಬಸಪ್ಪ ಇಪ್ಪತ್ತು ದಿನ ಬಿಟ್ಟು ಬಂದ. ಪಾರ್ವತಿಯನ್ನು ಅಲ್ಲೇ ಕಿವುಡ ಮಕ್ಕಳ ವಸತಿ ಶಾಲೆಗೆ ಸೇರಿಸಿದ್ದ. ಮೊದಲು ಮಾಡಿದ ಕೆಲಸವೆಂದರೆ ನೆಟ್ ಕಂಪನಿಗೆ ಫೋನು ಮಾಡಿ ರಿಪೇರಿಯವನನ್ನು ಕರೆಸಿದ್ದು. ಎರಡನೆಯ ಕೆಲಸ, ಕಲಿತವನೆಂದು ನನ್ನನ್ನು ಕರೆದದ್ದು.

ರಿಪೇರಿಯವನು ಫೋನಿನಲ್ಲಿ ಏನೋ ಒತ್ತಿ, ಆ ವೈಫೈಗೆ ಸೇರಿಕೊಂಡಿರುವವುಗಳ ಪಟ್ಟಿ ಓದತೊಡಗಿದ. "ಒಂದು ನಿಮ್ ಫೋನು. ಇನ್ನೆರಡು ಯಾರ್ದಣ್ಣ? 'ಸುಧಾ ಟಿವಿ' ಅಂತೈತೆ. ಇನ್ನೊಂದು 'ಸತ್ಯನಾರಾಯಣ ಸ್ಟೋರ್ಸ್'. ಪಕ್ದಲ್ಲಿ ಅಂಗಡಿ ಐತಾ?"

ಕಾರ್ಖಾನೆಯಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಹಾಗೆ. ಹೆಮ್ಮೆಯಿಂದ ಫೋನಿಗೂ ಅದೇ ಹೆಸರಿಟ್ಟಿದ್ದೆ.

"ಇಲ್ರಿ, ಅಂಗಡಿ ಇಲ್ಲ" ಎಂದ ಬಸಪ್ಪ. ನನ್ನ ಕಡೆ ನೋಡಲಿಲ್ಲ.

"ಯಾರೋ ಚೆನ್ನಾಗ್ ಎಳ್ಕೊಂಡವ್ರೆ ಬಿಡಿ. ಈ ಪ್ಲಾನಲ್ಲಿ ಮೂರು ಎಳುದ್ರೆ ವೀಡಿಯೊ ನಿಲ್ದೆ ಇನ್ನೇನಾಯ್ತದೆ?" ಎನ್ನುತ್ತ ರಿಪೇರಿಯವನು ಪಾಸ್‌ವರ್ಡ್ ಹಾಕಿ ಹೊರಟುಹೋದ.

ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ನಾನು ಬಗ್ಗಿದೆ. ಬಸಪ್ಪ ಹಿಂದಿನಿಂದ ಮೆಲ್ಲಗೆ ಕೇಳಿದ: "ಸರ, ಆ ಐತಾರ, ಪಾರಿ ಕೈ ನಿಂತಾಗ, ನೀವೇನ್ ನೋಡಾಕತ್ತಿದ್ರಿ?"

ಯಾರು ಗೆದ್ದರೆಂದು ಹತ್ತು ವರ್ಷಗಳಿಂದ ಗೊತ್ತಿದ್ದ ಪಂದ್ಯ ಎಂದು ಹೇಳಬೇಕಿತ್ತು. ಬಾಯಿ ತೆರೆದೆ. "ಆಫೀಸ್ ಕೆಲಸ, ಬಸಪ್ಪ. ಅರ್ಜೆಂಟಿತ್ತು" ಎಂದೆ.

ಅವನು ಕಣ್ಣೊರೆಸಿಕೊಂಡ. "ಹಂಗಾರ ಏನ್ ಮಾಡೂದ್ರಿ. ದುಡಿಮಿ ಅಂದಮ್ಯಾಲ ಮಾಡಬೇಕ. ನೀವು ಮನಸಿಗೆ ಹಚ್ಕೋಬ್ಯಾಡ್ರಿ" ಎಂದು ನನ್ನ ತೋಳು ಮುಟ್ಟಿದ.

ನಾನು, "ಪರವಾಗಿಲ್ಲ ಬಿಡಿ" ಎಂದೆ.