ಭಾನುವಾರದ ಬಿಡುವಿಗೊಂದು ಚಾರ್ಟು

ಮನೆಯ ಜಗಳವನ್ನು ಮಾತಿನಿಂದ ಗೆದ್ದ ಗಂಡಸು ಇನ್ನೂ ಹುಟ್ಟಿಲ್ಲ. ಆದ್ದರಿಂದ ಸ್ಲೈಡುಗಳಿಂದ ಗೆದ್ದೇ ತೀರುವುದೆಂದು ನಮ್ಮ ಮೇಲ್ವಿಚಾರಕರು ಪಣ ತೊಟ್ಟರು. ಕಚೇರಿಯಲ್ಲಿ ಅವರಿಗೆ ಚಾರ್ಟ್ ಚಕ್ರವರ್ತಿ ಎಂದೇ ಹೆಸರು. ನಷ್ಟವನ್ನೂ ಲಾಭದ ಬಣ್ಣದಲ್ಲಿ ತೋರಿಸಬಲ್ಲ ಕೈ ಅದು. ಅಂಥ ಕೈಗೆ ಮನೆಯಲ್ಲಿ ಪೊರಕೆ ಕೊಟ್ಟರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ವಿಷಯ ಇಷ್ಟೇ. ನಾಳೆ ಭಾನುವಾರ, ಗೆಳೆಯನ ಮನೆಯಲ್ಲಿ ಚದುರಂಗ. "ನಿಮ್ಮ ಪಾಲಿನ ಮನೆಗೆಲಸ ಮುಗಿಸಿ, ಆಮೇಲೆ ಎಲ್ಲಿಗಾದ್ರೂ ಹೋಗಿ," ಎಂದಿದ್ದಳು ಹೆಂಡತಿ. ತಮ್ಮ ಪಾಲು ಎಂದೋ ಮುಗಿದು ಹೋಗಿದೆ ಎಂಬುದು ಇವರ ವಾದ.

ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತರು. ಮನೆ ಸಾಮಾನಿಗೆಂದು ಗಂಡ ಹೆಂಡತಿ ಇಬ್ಬರೂ ಬಳಸುತ್ತಿದ್ದ ಸ್ಪ್ರೆಡ್‌ಶೀಟಿನಲ್ಲೇ ಹೊಸ ಹಾಳೆ ಮಾಡಿ, ಯಾವ ಕೆಲಸ ಎಷ್ಟು ಸಲ ಆಯಿತೆಂದು ತುಂಬಿದರು. ಫ್ಯಾನ್ ಆರಿಸಿದ್ದು, ಬಾಗಿಲು ತೆಗೆದದ್ದು, ಹಾಲು ಉಕ್ಕುತ್ತಿದೆ ಎಂದು ಕೂಗಿ ಹೇಳಿದ್ದು, ಒಂದೊಂದಕ್ಕೂ ಒಂದೊಂದು ಬಣ್ಣ. ಹೆಂಡತಿಯ ಅಡುಗೆ, ಬಟ್ಟೆ, ಪಾತ್ರೆ, ಮಗಳ ಪಾಠ ಎಲ್ಲ ಸೇರಿ "ಇತರೆ." ಅದಕ್ಕೆ ಬೂದು ಬಣ್ಣ. ದುಂಡನೆಯ ಚಾರ್ಟ್ ಸಿದ್ಧವಾಯಿತು. ಅದನ್ನು ಸ್ಲೈಡಿಗೆ ಸುಮ್ಮನೆ ಅಂಟಿಸಿದರೆ ಚಕ್ರವರ್ತಿಯ ಮರ್ಯಾದೆ ಏನಾಗಬೇಕು? ಹಾಳೆಗೆ ಲಿಂಕ್ ಕೊಟ್ಟೇ ಅಂಟಿಸಿದರು. ಹಾಳೆಯಲ್ಲಿ ಅಂಕಿ ಬದಲಾದರೆ, ಒಂದು ಗುಂಡಿ ಒತ್ತಿದರೆ ಸಾಕು, ಸ್ಲೈಡಿನ ಚಾರ್ಟೂ ಬದಲಾಗುತ್ತದೆ.

ಸಂಜೆ ಟೀವಿಯ ಮೇಲೆ ಪ್ರದರ್ಶನ. ಪ್ರೇಕ್ಷಕರು ಇಬ್ಬರು, ಫೋನು ಹಿಡಿದ ಹೆಂಡತಿ, ಕನ್ನಡಕ ಏರಿಸಿದ ತಾಯಿ. ಲಿಂಕಿನ ಮಹಿಮೆಯನ್ನು ಮೊದಲು ವಿವರಿಸಿ, ಆಮೇಲೆ ಚಾರ್ಟಿಗೆ ಬಂದರು.

"ಬಣ್ಣ ಇರೋದೆಲ್ಲ ನಾನು."

"ಆ ಬೂದಿ ಬಣ್ಣದ್ದು ಯಾರೋ?" ಎಂದರು ತಾಯಿ.

"ಅದು ಇತರೆ ಅಮ್ಮ. ಚಿಲ್ಲರೆ ಕೆಲಸ."

"ಮತ್ತೆ ನಿನ್ನ ಹೆಂಡ್ತಿ ಎಲ್ಲಿ?"

"ಅದರಲ್ಲೇ ಎಲ್ಲೋ ಇದಾಳೆ."

ಹೆಂಡತಿ ಫೋನಿನಿಂದ ತಲೆ ಎತ್ತಲಿಲ್ಲ. "ಅಲ್ಲಾ ರೀ, ಫ್ಯಾನ್ ಆರಿಸೋಕೆ ನಿಮಗೆ ಎಷ್ಟು ಹೊತ್ತು ಹಿಡಿಯತ್ತೆ?"

"ಒಂದೇ ಸೆಕೆಂಡು. ನನ್ನ ಕೈ ಅಷ್ಟು ಚುರುಕು."

"ಬಾಗಿಲು ತೆಗೆಯೋಕೆ?"

"ಅದೂ ಅಷ್ಟೇ."

ಇದು ಹೊಗಳಿಕೆಗೆ ಪೀಠಿಕೆ ಇರಬೇಕೆಂದುಕೊಂಡು ಇವರು ಎದೆ ಸೆಟೆಸಿ ನಿಂತರು.

"ಈಗ ಫೋನಲ್ಲೇ ನಿಮ್ಮ ಹಾಳೇಲಿ ಎಷ್ಟು ಸಲ ಅನ್ನೋದನ್ನ ತೆಗೆದು, ಎಷ್ಟು ಹೊತ್ತು ಅಂತ ಹಾಕಿದೀನಿ. ನನ್ನದೂ ತುಂಬಿದೀನಿ. ಅದೇನೋ ಗುಂಡಿ ಅಂದ್ರಲ್ಲ, ಒತ್ತಿ ನೋಡೋಣ."

ಹೆತ್ತ ತಾಯಿ ಎದುರಿಗೆ ಕೂತಿದ್ದಾರೆ, ಹಿಂಜರಿಯುವಂತಿಲ್ಲ. ಒತ್ತಿದರು. ಬಣ್ಣಗಳೆಲ್ಲ ಮಾಯವಾಗಿ ಟೀವಿಯ ತುಂಬ ಒಂದು ಬೂದು ತಟ್ಟೆ ನಿಂತಿತು. ಅದರ ನಡುವಿನಿಂದ ಅಂಚಿನವರೆಗೆ ಒಂದು ಸಣ್ಣ ಗೆರೆ.

ತಾಯಿ ಎದ್ದು ಹೋಗಿ ಆ ಗೆರೆಯನ್ನು ಬೆರಳಿನಿಂದ ಉಜ್ಜಿದರು. "ಇಲ್ಲೊಂದು ಕೂದಲು ಅಂಟಿದೆ ಕಣೋ. ಹೋಗ್ತಾನೇ ಇಲ್ಲ."

"ಅದು ನಾನಮ್ಮ," ಎಂದರು ಚಕ್ರವರ್ತಿಗಳು.

ಇವರೇ ಲ್ಯಾಪ್‌ಟಾಪ್ ಮುಚ್ಚಿದರು. ಮುಖ ಹುಳ್ಳಗಾಗಿತ್ತು. "ಹಾಗಾದ್ರೆ ನಾಳೆ ಚದುರಂಗ ಇಲ್ಲ ಅನ್ನು."

"ಯಾಕಿಲ್ಲ? ಧಾರಾಳವಾಗಿ ಹೋಗಿ, ರಾತ್ರಿವರೆಗೂ ಇದ್ದು ಬನ್ನಿ," ಎಂದಳು ಹೆಂಡತಿ. "ನೀವು ಇಲ್ದಿದ್ರೂ ಚಾರ್ಟೇನೂ ಬದಲಾಗಲ್ವಲ್ಲ."